ಲಿನಕ್ಸ್‌ನಲ್ಲಿ ಬಗ್ ಕಂಡರೆ ಯಾರಿಗೆ, ಹೇಗೆ ಹೇಳುವುದು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. 4 ಜಿಬಿ ರ‍್ಯಾಮ್ ಇರುವ ಹಳೆ ಲ್ಯಾಪ್‌ಟಾಪ್‌ಗೆ ಉಬುಂಟು 24.04 ಹಾಕಿಕೊಂಡಿದ್ದೇನೆ. ಪ್ರಶ್ನೆಪತ್ರಿಕೆ, ನೋಟ್ಸ್ ಎಲ್ಲ ಅದರಲ್ಲೇ. ಅಪ್‌ಡೇಟ್ ಆದಮೇಲೆ ಮೂರು ತೊಂದರೆ ಶುರುವಾಗಿದೆ. ಲಿಬ್ರೆಆಫೀಸ್ ರೈಟರ್ ಕನ್ನಡ ಟೈಪ್ ಮಾಡುತ್ತಿರುವಾಗಲೇ ಮಾಯವಾಗುತ್ತದೆ. ಲ್ಯಾಪ್‌ಟಾಪ್ ಮುಚ್ಚಿ ತೆಗೆದರೆ ಕೆಲವು ಸಲ ಸ್ಕ್ರೀನ್ ಕಪ್ಪಾಗೇ ಇರುತ್ತದೆ, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕು. ಜೊತೆಗೆ ‘ರ‍್ಯಾಂಕ್’ ಥರದ ಪದ ಒಂದು ಕಡೆ ಸರಿಯಾಗಿ, ಇನ್ನೊಂದು ಕಡೆ ತಪ್ಪಾಗಿ ಕಾಣುತ್ತದೆ. ‘ಅಪ್‌ಡೇಟ್ ಆದಮೇಲೆ ಉಬುಂಟು ಸರಿಯಾಗಿ ಕೆಲಸ ಮಾಡುತ್ತಿಲ್ಲ, ದಯವಿಟ್ಟು ಬೇಗ ಸರಿಮಾಡಿ’ ಅಂತ ಉಬುಂಟುವಿನ ಬಗ್‌ಗಳನ್ನು ವರದಿ ಮಾಡುವ ಲಾಂಚ್‌ಪ್ಯಾಡ್ ತಾಣದಲ್ಲಿ ಬರೆದೆ. ‘ಇನ್‌ಕಂಪ್ಲೀಟ್’ ಅಂತ ಗುರುತು ಹಾಕಿ ಎರಡು ತಿಂಗಳ ಮೇಲೆ ಮುಚ್ಚಿಬಿಟ್ಟರು. ನಮ್ಮಂಥವರ ಮಾತನ್ನು ಅಲ್ಲಿ ಯಾರೂ ಕೇಳುವುದಿಲ್ಲವೇ?

ಉತ್ತರ: ಮೇಷ್ಟ್ರೇ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ನಿಮ್ಮ ವರದಿಯನ್ನು ಮುಚ್ಚಿದ್ದು ಒಂದು ಸ್ಕ್ರಿಪ್ಟ್. ಲಾಂಚ್‌ಪ್ಯಾಡ್‌ನಲ್ಲಿ ‘ಇನ್‌ಕಂಪ್ಲೀಟ್’ ಗುರುತು ಬಿದ್ದ ಮೇಲೆ 60 ದಿನ ಯಾರೂ ಏನೂ ಬರೆಯದಿದ್ದರೆ, ‘ಜಾನಿಟರ್’ ಅನ್ನುವ ಪ್ರೋಗ್ರಾಂ ತಾನಾಗೇ ಬಂದು ಅದನ್ನು ‘ಎಕ್ಸ್‌ಪೈರ್ಡ್’ ಮಾಡುತ್ತದೆ. ಆದರೆ ಅದಕ್ಕೂ ಮುಂಚೆ ‘ಇನ್‌ಕಂಪ್ಲೀಟ್’ ಅಂತ ಹಾಕಿದವರು ಸಾಮಾನ್ಯವಾಗಿ ಒಂದೆರಡು ಪ್ರಶ್ನೆ ಕೇಳಿರುತ್ತಾರೆ. ಆ ಮೇಲ್ ನಿಮ್ಮ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಕೂತಿರಬಹುದು, ಒಮ್ಮೆ ಹುಡುಕಿ.

ಅವರ ಕಡೆಯಿಂದ ಯೋಚಿಸಿ ನೋಡಿ. ‘ಕೆಲಸ ಮಾಡುತ್ತಿಲ್ಲ’ ಅನ್ನುವ ವಾಕ್ಯ ಓದಿ ಅವರು ಏನು ತಾನೇ ಮಾಡಬಹುದು? ಗಾಡಿಯಲ್ಲಿ ಏನೋ ಶಬ್ದ ಬರುತ್ತೆ ಅಂತ ಗ್ಯಾರೇಜಿಗೆ ಒಯ್ದರೆ, ಮೆಕ್ಯಾನಿಕ್ ಎದುರಿಗೆ ಆ ಶಬ್ದ ಬರಲ್ಲ, ಅಲ್ವಾ? ಇಲ್ಲಿ ಗಾಡಿಯೇ ಅವರ ಹತ್ತಿರ ಇಲ್ಲ. ಅವರ ಕಂಪ್ಯೂಟರ್‌ನಲ್ಲೂ ಅದೇ ತೊಂದರೆ ಬರುವಂತೆ ಮಾಡುವ ದಾರಿಯನ್ನು ನೀವು ಹೇಳಬೇಕು. ಅದು ಆಗದಿದ್ದರೆ, ತೊಂದರೆ ಯಾವ ಭಾಗದ್ದು ಅಂತ ತೋರಿಸುವ ಲಾಗ್ (ಸಿಸ್ಟಂ ತಾನೇ ಬರೆದಿಡುವ ದಾಖಲೆ) ಕೊಡಬೇಕು. ನನ್ನ ಮಟ್ಟಿಗೆ ಬಗ್ ವರದಿಯ ಹೆಚ್ಚಿನ ಕೆಲಸ ನಡೆಯುವುದು ಬರೆಯುವುದಕ್ಕೆ ಮುಂಚೆ. ‘ಇದು ಯಾರ ಮನೆಯ ತೊಂದರೆ?’ ಅನ್ನುವುದು ಪತ್ತೆಯಾದರೆ ಬರೆಯಲು ಹತ್ತು ನಿಮಿಷ ಸಾಕು. ಎಷ್ಟೋ ಸಲ ಬರೆಯುವ ಅಗತ್ಯವೇ ಬೀಳುವುದಿಲ್ಲ.

ನಿಮ್ಮ ಮೂರು ತೊಂದರೆಗಳಿಗೂ ಒಂದಕ್ಕೊಂದು ಸಂಬಂಧ ಇರುವ ಹಾಗೆ ನನಗೆ ಕಾಣುತ್ತಿಲ್ಲ. ಒಂದು ಮೆಮೊರಿಯದ್ದೋ ಲಿಬ್ರೆಆಫೀಸ್‌ನದ್ದೋ ಇರಬೇಕು. ಎರಡನೆಯದು ಕರ್ನಲ್ (ಸಿಸ್ಟಂನ ತಿರುಳು) ಅಥವಾ ಸ್ಕ್ರೀನ್ ನಡೆಸುವ ಗ್ರಾಫಿಕ್ಸ್ ಡ್ರೈವರ್‌ನದ್ದು. ಮೂರನೆಯದು ಫಾಂಟ್ ಕಡೆಯದು. ಇವನ್ನು ನೋಡಿಕೊಳ್ಳುವ ಜನ ಬೇರೆ ಬೇರೆ, ಬೇರೆ ಬೇರೆ ದೇಶದಲ್ಲಿರುವವರು. ಮೂರನ್ನೂ ಒಂದೇ ವರದಿಯಲ್ಲಿ ಬರೆದರೆ ಮೂವರೂ ‘ಇದು ನನ್ನದಲ್ಲ’ ಅಂತ ಮುಂದೆ ಹೋಗುತ್ತಾರೆ. ಹಾಗಾಗಿ ಹಳೆಯದನ್ನು ಮತ್ತೆ ತೆರೆಸಲು ಹೋಗಬೇಡಿ. ಹೊಸದಾಗಿ, ಒಂದೊಂದಕ್ಕೆ ಒಂದೊಂದು ಹಾಕಿ.

ಮುಂದೆ ಕಮಾಂಡುಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಬರೆಯುವ ಕಿಟಕಿಯಲ್ಲಿ, ಇಂಗ್ಲಿಷಿನಲ್ಲಿ, ಎಲ್ಲ ಸಣ್ಣ ಅಕ್ಷರದಲ್ಲಿ ಹೊಡೆಯಿರಿ.

‘ಅಪ್‌ಡೇಟ್ ಆದಮೇಲೆ’ ಅಂದಿರಿ. ಯಾವ ಅಪ್‌ಡೇಟ್? ಇದಕ್ಕೆ ನೆನಪಿನ ಮೇಲೆ ಉತ್ತರ ಹೇಳಬೇಕಾಗಿಲ್ಲ, ಸಿಸ್ಟಂ ಎಲ್ಲ ಬರೆದಿಟ್ಟಿರುತ್ತದೆ. /ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್ ಫೈಲ್ ತೆರೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಪ್ಯಾಕೇಜ್ (ತಂತ್ರಾಂಶದ ಕಟ್ಟು) ಯಾವ ವರ್ಷನ್‌ನಿಂದ ಯಾವುದಕ್ಕೆ ಹೋಯಿತು ಅಂತ ಸಾಲುಸಾಲಾಗಿ ಇರುತ್ತದೆ. ನಿಮಗೆ ಗೊತ್ತಿಲ್ಲದೆ ಹಿಂದೆ ತಾನಾಗೇ ಆದ ಸೆಕ್ಯುರಿಟಿ ಅಪ್‌ಡೇಟುಗಳೂ ಅದರಲ್ಲಿರುತ್ತವೆ. ಹಳೆ ತಿಂಗಳಿನವು ಅಲ್ಲೇ ಪಕ್ಕದಲ್ಲಿ ಜಿಪ್ ಆಗಿ ಕೂತಿರುತ್ತವೆ. ತೊಂದರೆ ಮೊದಲು ಕಂಡ ದಿನವನ್ನೂ ಈ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟರೆ ಅರ್ಧ ಕೆಲಸ ಮುಗಿಯಿತು.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ‘ನಾನು ಇರುವುದು 24.04ರಲ್ಲೇ, ಏನೂ ಬದಲಾಗಿಲ್ಲ’ ಅಂದುಕೊಂಡಿರುತ್ತೇವೆ. ಉಬುಂಟು 24.04 ಏಪ್ರಿಲ್ 2024ರಲ್ಲಿ ಬಂದಾಗ ಅದರ ಕರ್ನಲ್ 6.8. ಫೆಬ್ರವರಿ 2025ರ 24.04.2ರಲ್ಲಿ ಅದು 6.11 ಆಯಿತು. ಆಗಸ್ಟ್ 2025ರ 24.04.3ರಲ್ಲಿ 6.14. ಡೆಸ್ಕ್‌ಟಾಪ್ ಹಾಕಿಕೊಂಡವರಿಗೆ ಈ ಹೊಸ ಕರ್ನಲ್‌ಗಳು ಮಾಮೂಲಿ ಅಪ್‌ಡೇಟ್‌ನಲ್ಲೇ ಬರುತ್ತವೆ. ಮೇಲಿನ ಹೆಸರು ಅದೇ, ಒಳಗಿನ ಕರ್ನಲ್ ಬೇರೆ. ಡ್ರೈವರ್‌ಗಳು ಇರುವುದು ಕರ್ನಲ್ ಒಳಗೇ. ಆದ್ದರಿಂದ ನಿಮ್ಮ ಕಪ್ಪು ಸ್ಕ್ರೀನ್ ವಿಷಯದಲ್ಲಿ ನನ್ನ ಮೊದಲ ಅನುಮಾನ ಇದರ ಮೇಲೇ. ಯುನೇಮ್ -ಆರ್ ಅಂತ ಕೊಟ್ಟರೆ ಈಗ ಯಾವುದು ಓಡುತ್ತಿದೆ ಅಂತ ಗೊತ್ತಾಗುತ್ತದೆ.

ಈಗ ರೈಟರ್ ಮಾಯವಾಗುವ ವಿಷಯ. ಮುಂದಿನ ಸಲ ಹಾಗಾದ ತಕ್ಷಣ ಬೇರೇನೂ ಮುಟ್ಟದೆ ಟರ್ಮಿನಲ್ ತೆರೆದು ಜರ್ನಲ್‌ಸಿಟಿಎಲ್ -ಇ ಕೊಡಿ. ಇದು ಸಿಸ್ಟಂ ಲಾಗ್‌ನ ಕೊನೆಗೆ ಹೋಗಿ ನಿಲ್ಲುತ್ತದೆ. ಬಾಣದ ಗುರುತಿನ ಕೀಲಿ ಒತ್ತುತ್ತಾ ನಿಧಾನಕ್ಕೆ ಮೇಲೆ ಹೋಗಿ, ರೈಟರ್ ಹೋದ ನಿಮಿಷವನ್ನು ಹುಡುಕಿ. ಲಾಗ್ ತುಂಬ ಕೆಂಪು ಸಾಲುಗಳು ಕಾಣಬಹುದು, ಗಾಬರಿ ಬೇಡ. ಚೆನ್ನಾಗಿ ಓಡುತ್ತಿರುವ ಸಿಸ್ಟಂನಲ್ಲೂ ಅವು ಇದ್ದೇ ಇರುತ್ತವೆ. ಕೆಂಪು ಸಾಲನ್ನೆಲ್ಲ ಗೂಗಲ್ ಮಾಡುತ್ತಾ ಕೂತರೆ ರಾತ್ರಿ ಕಳೆದುಹೋಗುತ್ತದೆ. ನಿಮಗೆ ಬೇಕಾಗಿರುವುದು ಆ ಒಂದು ನಿಮಿಷ ಮಾತ್ರ.

ಆ ನಿಮಿಷದಲ್ಲಿ ಎರಡರಲ್ಲಿ ಒಂದು ಕಾಣುವ ಸಾಧ್ಯತೆ ಜಾಸ್ತಿ. ‘ಸಿಸ್ಟಂಡಿ-ಊಮ್‌ಡಿ’ ಅನ್ನುವ ಹೆಸರು, ಪಕ್ಕದಲ್ಲಿ ‘ಕಿಲ್ಡ್’, ‘ಮೆಮೊರಿ ಪ್ರೆಷರ್’ ಅನ್ನುವ ಮಾತು ಇದ್ದರೆ, ರೈಟರ್ ಕ್ರ್ಯಾಶ್ ಆಗಿಲ್ಲ. ಅದನ್ನು ಕೊಂದಿದ್ದಾರೆ. ಮೆಮೊರಿ ಸಾಲದೆ ಇಡೀ ಕಂಪ್ಯೂಟರ್ ಒದ್ದಾಡುವ ಮೊದಲೇ ಯಾವುದಾದರೂ ಅಪ್ಲಿಕೇಷನ್ನನ್ನು ಮುಗಿಸಿ ಜಾಗ ಮಾಡುವ ಈ ಕಾವಲುಗಾರ ಉಬುಂಟು ಡೆಸ್ಕ್‌ಟಾಪ್‌ನಲ್ಲಿ 22.04ರಿಂದ ಇದ್ದಾನೆ. ಅವನು ಬಂದಾಗ ಜನ ‘ನನ್ನ ಬ್ರೌಸರ್ ಸುಮ್ನೆ ಸುಮ್ನೆ ಮುಚ್ಚಿಕೊಳ್ಳುತ್ತೆ’ ಅಂತ ಸಾಕಷ್ಟು ಗಲಾಟೆ ಮಾಡಿದ್ದರು. ಅವನಲ್ಲದಿದ್ದರೆ ಕರ್ನಲ್ ತಾನೇ ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್’ ಅಂತ ಬರೆದಿರುತ್ತದೆ. ಎರಡರ ಅರ್ಥವೂ ಒಂದೇ. 4 ಜಿಬಿಯಲ್ಲಿ ಫೈರ್‌ಫಾಕ್ಸ್ ತೆರೆದಿಟ್ಟು, ಅದರಲ್ಲಿ ಯೂಟ್ಯೂಬ್ ಹಚ್ಚಿ, ಪಕ್ಕದಲ್ಲಿ ರೈಟರ್‌ನಲ್ಲಿ ಚಿತ್ರಗಳಿರುವ ಪ್ರಶ್ನೆಪತ್ರಿಕೆ ಮಾಡುತ್ತಿದ್ದರೆ ಹೀಗಾಗುವುದು ಆಶ್ಚರ್ಯವಲ್ಲ. ಫ್ರೀ -ಎಚ್ ಕೊಟ್ಟು ಮೆಮೊರಿ, ಸ್ವಾಪ್ (ರ‍್ಯಾಮ್ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಜಾಗ) ಎಷ್ಟು ಉಳಿದಿದೆ ನೋಡಿ. ಟ್ಯಾಬ್ ಕಡಿಮೆ ಮಾಡಿ, ಸ್ವಾಪ್ ಫೈಲ್ ದೊಡ್ಡದು ಮಾಡಿ, ಸಾಧ್ಯವಾದರೆ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸಿ. ಇದನ್ನು ಬಗ್ ಅಂತ ವರದಿ ಮಾಡಿದರೆ ಉಪಯೋಗವಿಲ್ಲ. ಎರಡು ಪುಟದ ಡಾಕ್ಯುಮೆಂಟ್ ತೆರೆದು ಸುಮ್ಮನೆ ಬಿಟ್ಟರೂ ರೈಟರ್ ಗಂಟೆಗಂಟೆಗೂ ಮೆಮೊರಿ ನುಂಗುತ್ತಾ ಹೋದರೆ ಆಗ ಮಾತು ಬೇರೆ. ಅದು ಖಂಡಿತ ಬಗ್, ಹೇಳಲೇಬೇಕು.

ಇನ್ನೊಂದು ಸಾಧ್ಯತೆ, ‘ಸಾಫಿಸ್.ಬಿನ್’ ಹೆಸರಿನ ಪಕ್ಕದಲ್ಲಿ ‘ಸೆಗ್‌ಫಾಲ್ಟ್’. ಇದು ನಿಜವಾದ ಕ್ರ್ಯಾಶ್. ತನಗೆ ಸೇರದ ಮೆಮೊರಿಗೆ ಕೈ ಹಾಕಿದ ಪ್ರೋಗ್ರಾಮನ್ನು ಕರ್ನಲ್ ನಿಲ್ಲಿಸಿದೆ. ಆಗ /ವಾರ್/ಕ್ರ್ಯಾಶ್ ಫೋಲ್ಡರ್‌ನಲ್ಲಿ ಅದರ ಹೆಸರಿನ ಫೈಲ್ ಹುಟ್ಟಿದೆಯಾ ನೋಡಿ. ಇದ್ದರೆ ಅಳಿಸಬೇಡಿ, ಅದೇ ಮುಖ್ಯ ಸಾಕ್ಷಿ.

ಸೆಗ್‌ಫಾಲ್ಟ್ ಅಂತ ಖಾತ್ರಿಯಾದ ಮೇಲೆ ಒಂದೊಂದೇ ಭಾಗ ಕಳಚಿ ನೋಡಬೇಕು. ಮೊದಲು ರೈಟರ್‌ನ ಹೆಲ್ಪ್ ಮೆನುವಿನಲ್ಲಿರುವ ‘ರೀಸ್ಟಾರ್ಟ್ ಇನ್ ಸೇಫ್ ಮೋಡ್’. ಅದರಲ್ಲಿ ತೊಂದರೆ ಬರದಿದ್ದರೆ ನಿಮ್ಮ ಪ್ರೊಫೈಲ್ ಫೋಲ್ಡರ್ ಕೆಟ್ಟಿದೆ, ಅಥವಾ ಯಾವುದೋ ಎಕ್ಸ್‌ಟೆನ್ಷನ್‌ನ ಕಿತಾಪತಿ. ಪ್ರೊಫೈಲ್ ನಿಮ್ಮ ಹೋಮ್ ಒಳಗೆ .ಕಾನ್ಫಿಗ್/ಲಿಬ್ರೆಆಫೀಸ್/4 ಅನ್ನುವಲ್ಲಿದೆ. ಲಿಬ್ರೆಆಫೀಸ್ ಎಷ್ಟೋ ವರ್ಷನ್ ಮುಂದೆ ಹೋದರೂ ಆ 4 ಮಾತ್ರ ಹಾಗೇ ಉಳಿದಿದೆ! ಅದರ ಹೆಸರು ಬದಲಿಸಿಟ್ಟು ರೈಟರ್ ತೆರೆದರೆ ಹೊಸ ಪ್ರೊಫೈಲ್ ಬರುತ್ತದೆ.

ಸೇಫ್ ಮೋಡ್‌ನಲ್ಲೂ ಬಿದ್ದರೆ ಕನ್ನಡ ಟೈಪಿಂಗ್ ಕಡೆ ತಿರುಗಿ. ನೀವು ಐಬಸ್ (ಬೇರೆ ಬೇರೆ ಭಾಷೆಯ ಟೈಪಿಂಗ್ ನೋಡಿಕೊಳ್ಳುವ ಪ್ರೋಗ್ರಾಂ) ಮೂಲಕ ಕಗಪ, ಅಂದರೆ ಕನ್ನಡ ಗಣಕ ಪರಿಷತ್ತಿನ, ಕೀಲಿಮಣೆ ಬಳಸುತ್ತಿರಬಹುದು. ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ‘ಕನ್ನಡ (ಕಗಪ, ಫೊನೆಟಿಕ್)’ ಅಂತ ಇನ್ನೊಂದು ಸಿಗುತ್ತದೆ. ನೋಡಲು ಎರಡೂ ಒಂದೇ ಥರ ಅನಿಸುತ್ತದೆ. ಆದರೆ ಮೊದಲನೆಯದು ಅಕ್ಷರಗಳನ್ನು ಮಧ್ಯದಲ್ಲಿ ಹಿಡಿದಿಟ್ಟು, ಜೋಡಿಸಿ, ಆಮೇಲೆ ರೈಟರ್‌ಗೆ ಕೊಡುತ್ತದೆ. ಎರಡನೆಯದು ಕೀಲಿ ಒತ್ತಿದ ಹಾಗೇ ನೇರ ಕಳಿಸುತ್ತದೆ. ಎರಡನೆಯದರಲ್ಲಿ ಅದೇ ಪ್ಯಾರಾ ಟೈಪ್ ಮಾಡಿ. ಈಗ ಬೀಳದಿದ್ದರೆ ಐಬಸ್ ಮತ್ತು ರೈಟರ್ ನಡುವೆ ಎಲ್ಲೋ ಎಡವಟ್ಟು ಇದೆ. ಇಂಥ ಒಂದು ಮಾಹಿತಿ ಡೆವಲಪರ್‌ಗಳಿಗೆ ತುಂಬ ಬೆಲೆಬಾಳುತ್ತದೆ, ಯಾಕೆಂದರೆ ಕನ್ನಡ ಬಾರದವರು ಇದನ್ನು ಪರೀಕ್ಷಿಸಿ ನೋಡಲು ಯೋಚಿಸುವುದೂ ಇಲ್ಲ.

ಕೊನೆಯದಾಗಿ, ಲಿಬ್ರೆಆಫೀಸ್‌ನವರೇ ಕೊಡುವ ಹೊಸ ಆ್ಯಪ್‌ಇಮೇಜ್ ಇಳಿಸಿಕೊಂಡು ಅದರಲ್ಲಿ ಮಾಡಿ ನೋಡಿ. ಇನ್‌ಸ್ಟಾಲ್ ಮಾಡುವುದೇನೂ ಇಲ್ಲ, ಫೈಲಿಗೆ ಓಡುವ ಅನುಮತಿ ಕೊಟ್ಟರೆ ಆಯಿತು. ಅದರಲ್ಲೂ ಬಿದ್ದರೆ ತೊಂದರೆ ಲಿಬ್ರೆಆಫೀಸ್‌ನದ್ದು, ಅವರ ಬಗ್‌ಜಿಲ್ಲಾಗೆ (ಬಗ್ ವರದಿಯ ತಾಣಕ್ಕೆ) ಹಾಕಿ. ಅದರಲ್ಲಿ ಬೀಳದೆ ಉಬುಂಟುವಿನದರಲ್ಲಿ ಮಾತ್ರ ಬಿದ್ದರೆ ಲಾಂಚ್‌ಪ್ಯಾಡ್‌ಗೆ.

ಕಪ್ಪು ಸ್ಕ್ರೀನ್ ಸ್ವಲ್ಪ ತೊಡಕಿನದು. ಏನೂ ಕಾಣದಿರುವಾಗ ಏನು ನೋಡುವುದು? ಆದರೂ ಪವರ್ ಬಟನ್ನಿಗೆ ಕೈ ಹಾಕುವ ಮುಂಚೆ ಒಂದೆರಡು ಕೆಲಸ ಮಾಡಿ. ಕ್ಯಾಪ್ಸ್‌ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಒಳಗೆ ಕರ್ನಲ್ ಜೀವಂತ ಇದೆ, ಸ್ಕ್ರೀನ್ ಮಾತ್ರ ಎದ್ದಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಅಕ್ಷರಗಳ ಲಾಗಿನ್ ಸ್ಕ್ರೀನ್ ಬಂದರೆ ಗ್ರಾಫಿಕ್ಸ್ ಡ್ರೈವರೂ ಪರವಾಗಿಲ್ಲ, ಗ್ನೋಮ್ (ಉಬುಂಟುವಿನ ಡೆಸ್ಕ್‌ಟಾಪ್) ಕಡೆಯ ತೊಂದರೆ ಇರಬೇಕು. ಅದೇ ಥರ ಎಫ್2 ಒತ್ತಿದರೆ ಸಾಮಾನ್ಯವಾಗಿ ನಿಮ್ಮ ಡೆಸ್ಕ್‌ಟಾಪ್‌ಗೆ ವಾಪಸ್ ಬರಬಹುದು.

ಏನೂ ಆಗದಿದ್ದರೆ ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಕೀಲಿ ಹಿಡಿದುಕೊಂಡು ಎಸ್, ಯು, ಬಿ ಒಂದಾದ ಮೇಲೊಂದು, ಒಂದೆರಡು ಸೆಕೆಂಡ್ ಬಿಟ್ಟು ಒತ್ತಿ. ಕೆಲವು ಲ್ಯಾಪ್‌ಟಾಪ್‌ನಲ್ಲಿ ಎಫ್‌ಎನ್ ಕೀಲಿಯೂ ಬೇಕು. ಎಸ್ ಅಂದರೆ ಡಿಸ್ಕ್‌ಗೆ ಬರೆಯಬೇಕಾದ್ದನ್ನೆಲ್ಲ ಬರೆ, ಯು ಅಂದರೆ ಡಿಸ್ಕನ್ನು ಓದಲು ಮಾತ್ರ ಬಿಡು, ಬಿ ಅಂದರೆ ರೀಬೂಟ್. ಇಂಟರ್‌ನೆಟ್‌ನಲ್ಲಿ ಆರ್, ಇ, ಐ ಸೇರಿಸಿ ಆರು ಅಕ್ಷರ ಹೇಳುತ್ತಾರೆ. ಉಬುಂಟುವಿನಲ್ಲಿ ಮೊದಲಿನಿಂದ ಅನುಮತಿ ಇರುವುದು ಈ ಮೂರಕ್ಕೆ ಮಾತ್ರ. ಪವರ್ ಬಟನ್ ಒತ್ತಿ ಹಿಡಿಯುವುದಕ್ಕಿಂತ ಇದು ಒಳ್ಳೆಯದು ಯಾಕೆಂದರೆ, ಬಟನ್ ಒತ್ತಿ ಆಫ್ ಮಾಡಿದರೆ ಕೊನೆ ಕ್ಷಣಗಳ ಲಾಗ್ ಡಿಸ್ಕ್‌ಗೆ ಇಳಿಯದೇ ಹೋಗಬಹುದು. ನಮಗೆ ಬೇಕಾಗಿರುವುದೇ ಆ ಕೊನೆ ಕ್ಷಣ.

ಮತ್ತೆ ಆನ್ ಆದಮೇಲೆ ಜರ್ನಲ್‌ಸಿಟಿಎಲ್ -ಕೆ -ಬಿ -1 ಕೊಡಿ. -1 ಅಂದರೆ ಹಿಂದಿನ ಬೂಟ್‌ನದ್ದು, -ಕೆ ಅಂದರೆ ಕರ್ನಲ್ ಹೇಳಿದ್ದು ಮಾತ್ರ. ಕೊನೆಗೆ ಹೋಗಿ ‘ಪಿಎಂ: ಸಸ್ಪೆಂಡ್ ಎಂಟ್ರಿ’ ಸಾಲನ್ನು ಹುಡುಕಿ. ಅದರ ನಂತರ ‘ಪಿಎಂ: ಸಸ್ಪೆಂಡ್ ಎಕ್ಸಿಟ್’ ಇದೆಯಾ? ಇದ್ದರೆ ಕಂಪ್ಯೂಟರ್ ನಿದ್ದೆಯಿಂದ ಎದ್ದಿದೆ, ಸ್ಕ್ರೀನ್ ಹತ್ತಿಸಲು ಆಗಿಲ್ಲ. ಮುಂದಿನ ಸಾಲುಗಳಲ್ಲಿ ಗ್ರಾಫಿಕ್ಸ್ ಡ್ರೈವರ್‌ನ ಹೆಸರು, ಅಂದರೆ ಐ915, ಎಎಂಡಿಜಿಪಿಯು, ನೂವೋ ಅಥವಾ ಎನ್‌ವಿಡಿಯಾ, ದೂರುತ್ತಾ ಇರಬಹುದು. ‘ಎಂಟ್ರಿ’ಯಲ್ಲೇ ಲಾಗ್ ನಿಂತುಹೋಗಿದ್ದರೆ ಬಹುಶಃ ಮಲಗಿದ್ದು ಏಳಲೇ ಇಲ್ಲ. ಆಗ ಕರ್ನಲ್ ಅಥವಾ ಲ್ಯಾಪ್‌ಟಾಪ್ ಕಂಪನಿಯ ಬಯಾಸ್ (ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಮೇಲೆ ಅನುಮಾನ. ಎಂಟ್ರಿ ಸಾಲಿನ ಪಕ್ಕದಲ್ಲೇ ‘ಡೀಪ್’ ಅಥವಾ ‘ಎಸ್2ಐಡಲ್’ ಅಂತ ಇರುತ್ತದೆ. ಅದು ನಿದ್ದೆಯ ಬಗೆ, ಅದನ್ನೂ ಬರೆದಿಟ್ಟುಕೊಳ್ಳಿ.

ಇದಾದ ಮೇಲೆ ಮಾಡಬೇಕಾದ ಪರೀಕ್ಷೆ ಒಂದೇ, ಹಳೆ ಕರ್ನಲ್. ಕಂಪ್ಯೂಟರ್ ಶುರುವಾಗುವಾಗ ಎಸ್ಕೇಪ್ ಒಂದೇ ಸಲ ಒತ್ತಿ. ಹಳೆ ಬಯಾಸ್ ಇದ್ದರೆ ಶಿಫ್ಟ್ ಹಿಡಿದುಕೊಳ್ಳಿ. ಆಗ ಬರುವ ಗ್ರಬ್ ಮೆನುವಿನಲ್ಲಿ (ಏನನ್ನು ಬೂಟ್ ಮಾಡಬೇಕು ಅಂತ ಕೇಳುವ ಪಟ್ಟಿ) ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹೋದರೆ ಹಿಂದಿನ ಕರ್ನಲ್ ಸಿಗುತ್ತದೆ. ಅದರಲ್ಲಿ ಬೂಟ್ ಮಾಡಿ ಎರಡು ಮೂರು ದಿನ ಮಾಮೂಲಿಯಾಗಿ ಬಳಸಿ. ‘ಕೆಲವು ಸಲ’ ಬರುವ ತೊಂದರೆಯನ್ನು ಒಂದೇ ಸಲ ನೋಡಿ ‘ಸರಿಯಾಯಿತು’ ಅನ್ನಬಾರದು. ಹಳೆಯದರಲ್ಲಿ ಬರದೆ ಹೊಸದರಲ್ಲಿ ಬಂದರೆ ನಿಮ್ಮ ಕೈಯಲ್ಲಿ ಚಿನ್ನದಂಥ ವಾಕ್ಯ ಇದೆ: ಇಂಥ ಕರ್ನಲ್‌ನಲ್ಲಿ ಸರಿಯಿತ್ತು, ಇಂಥದರಲ್ಲಿ ಕೆಟ್ಟಿತು. ಕರ್ನಲ್‌ನವರು ಇದನ್ನು ರಿಗ್ರೆಷನ್ ಅನ್ನುತ್ತಾರೆ, ಇಂಥವಕ್ಕೆ ಬೇರೆಯವಕ್ಕಿಂತ ಜಾಸ್ತಿ ಗಮನ ಕೊಡುತ್ತಾರೆ. ಸರಿಯಿದ್ದ ಮತ್ತು ಕೆಟ್ಟ ವರ್ಷನ್‌ಗಳ ನಡುವಿನ ಬದಲಾವಣೆಗಳನ್ನು ಅರ್ಧರ್ಧ ಮಾಡುತ್ತಾ ಹುಡುಕುವ ಬೈಸೆಕ್ಟ್ ಅನ್ನುವ ದಾರಿ ಅವರಿಗಿದೆ. ಅದು ಶುರುವಾಗಬೇಕಾದರೆ ಎರಡು ತುದಿ ಬೇಕು, ನೀವು ಕೊಡುವುದು ಅದನ್ನೇ.

ಎನ್‌ವಿಡಿಯಾ ಕಂಪನಿಯ ಸ್ವಂತ ಡ್ರೈವರ್ ಹಾಕಿಕೊಂಡಿದ್ದರೆ ಒಂದು ಎಚ್ಚರಿಕೆ. /ಪ್ರಾಕ್/ಸಿಸ್/ಕರ್ನಲ್/ಟೇಂಟೆಡ್ ಫೈಲ್ ಓದಿ ನೋಡಿ. ಸೊನ್ನೆ ಇದ್ದರೆ ಕರ್ನಲ್ ‘ಮಡಿ’ಯಲ್ಲಿದೆ. ಬೇರೆ ಸಂಖ್ಯೆ ಇದ್ದರೆ ಹೊರಗಿನದೇನೋ ಬೆರೆತಿರಬಹುದು, ಕರ್ನಲ್ ಡೆವಲಪರ್‌ಗಳು ‘ಮೊದಲು ಅದನ್ನು ತೆಗೆದು ನೋಡಿ’ ಅಂತಾರೆ. ಗ್ನೋಮ್ ಎಕ್ಸ್‌ಟೆನ್ಷನ್‌ಗಳ ಕತೆಯೂ ಇಷ್ಟೇ. ಅವನ್ನೆಲ್ಲ ಆಫ್ ಮಾಡದೆ ಗ್ನೋಮ್ ಮೇಲೆ ಬಗ್ ಹಾಕಬೇಡಿ.

ಇನ್ನು ‘ರ‍್ಯಾಂಕ್’. ನನಗೆ ಹೆಚ್ಚು ಇಷ್ಟವಾದ ಪ್ರಶ್ನೆ ಇದು. ನಾವು ವರದಿ ಮಾಡದಿದ್ದರೆ ಬೇರೆ ಯಾರೂ ಮಾಡಲಾರದ ಬಗೆಯ ಬಗ್ ಇದು. ಕನ್ನಡದಲ್ಲಿ ರ, ವಿರಾಮ (ಹಲಂತದ ಗುರುತು), ಯ ಅಂತ ಟೈಪ್ ಮಾಡಿದರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ‘ರ‍್ಯಾಂಕ್’ ಬೇಕಾದರೆ ರ ಮತ್ತು ವಿರಾಮದ ನಡುವೆ ಝಡ್‌ಡಬ್ಲ್ಯೂಜೆ ಅನ್ನುವ ಕಣ್ಣಿಗೆ ಕಾಣದ ಅಕ್ಷರ ಇರಬೇಕು. ಯುನಿಕೋಡ್ ಹೇಳುವ ಕ್ರಮ ಇದು. ಆದರೆ ಹಳೆಯ ಬರಹಗಳಲ್ಲಿ ಅದನ್ನು ವಿರಾಮದ ಆಮೇಲೆ ಹಾಕಿರುವುದೂ ಉಂಟು. ಹಾಗಾಗಿ ಕಣ್ಣಿಗೆ ಒಂದೇ ಆದ ಪದ ಒಳಗೆ ಎರಡು ಥರ ಇರಬಹುದು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್, ಗ್ನೋಮ್ ಎಲ್ಲದರಲ್ಲೂ ಕನ್ನಡ ಅಕ್ಷರ ಜೋಡಿಸುವುದು ಹಾರ್ಫ್‌ಬಜ್ ಅನ್ನುವ ಒಂದೇ ಲೈಬ್ರರಿ. ಅದರ ಕೋಡ್ ಒಳಗೆ ಇಂದಿಗೂ ಕನ್ನಡಕ್ಕೆಂದೇ ಒಂದು ತುಣುಕು ಇದೆ: ಕನ್ನಡದ ಹಳೆ ಬಳಕೆಗೆ ಹೊಂದಿಕೆಯಾಗಲಿ ಅಂತ ರ, ವಿರಾಮ, ಝಡ್‌ಡಬ್ಲ್ಯೂಜೆ ಬಂದರೂ ಅದನ್ನು ರ, ಝಡ್‌ಡಬ್ಲ್ಯೂಜೆ, ವಿರಾಮದ ಹಾಗೇ ನೋಡಬೇಕು ಅಂತ. ಅದರ ಪಕ್ಕದ ಟಿಪ್ಪಣಿಯಲ್ಲಿ ಒಂದು ಬಗ್ ವರದಿಯ ಕೊಂಡಿಯೂ ಇದೆ.

ನಿಮ್ಮ ಸಮಸ್ಯೆ ಎಲ್ಲಿಯದು ಅಂತ ತಿಳಿಯಲು ಒಂದೇ ಪದವನ್ನು ಕಾಪಿ ಮಾಡಿ ಬೇರೆ ಬೇರೆ ಕಡೆ ಅಂಟಿಸಿ. ಪ್ರತಿ ಸಲ ಹೊಸದಾಗಿ ಟೈಪ್ ಮಾಡಬೇಡಿ, ಒಳಗಿನ ಅಕ್ಷರ ಬದಲಾಗಿಬಿಡಬಹುದು. ರೈಟರ್‌ನಲ್ಲಿ ಲೋಹಿತ್ ಕನ್ನಡ, ನೋಟೋ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಫಾಂಟ್‌ಗಳಲ್ಲಿ ನೋಡಿ. ಒಂದು ಫಾಂಟ್‌ನಲ್ಲಿ ಮಾತ್ರ ತಪ್ಪಾದರೆ ಆ ಫಾಂಟ್ ಮಾಡಿದವರಿಗೆ ಹೇಳಿ. ಎಲ್ಲ ಫಾಂಟ್‌ನಲ್ಲೂ ಸರಿಯಿದ್ದು ಒಂದು ಅಪ್ಲಿಕೇಷನ್‌ನಲ್ಲಿ ಮಾತ್ರ ಕೆಟ್ಟರೆ ಆ ಅಪ್ಲಿಕೇಷನ್‌ನವರಿಗೆ. ಎಲ್ಲ ಕಡೆ, ಎಲ್ಲ ಫಾಂಟ್‌ನಲ್ಲೂ ತಪ್ಪಾದರೆ ಕೀಲಿಮಣೆ ಹಾಕಿದ ಅಕ್ಷರಗಳೇ ತಪ್ಪಿರಬೇಕು, ಅದನ್ನು ಮೊದಲು ನೋಡಿ.

ಇಂಥ ವರದಿಯಲ್ಲಿ ಎಲ್ಲರೂ ಬಿಡುವ ಒಂದು ವಿಷಯ ಇದೆ. ಓದುವವರಿಗೆ ಕನ್ನಡ ಬರುವುದಿಲ್ಲ. ನಿಮಗೆ ಕಣ್ಣಿಗೆ ಹೊಡೆಯುವ ತಪ್ಪು ಅವರಿಗೆ ಬರೀ ಚಿತ್ರ. ತಪ್ಪಾಗಿ ಕಂಡಿದ್ದರ ಸ್ಕ್ರೀನ್‌ಶಾಟ್ ಜೊತೆಗೆ ಸರಿಯಾಗಿ ಹೇಗೆ ಕಾಣಬೇಕು ಅನ್ನುವುದರ ಚಿತ್ರವನ್ನೂ ಹಾಕಿ. ವ್ಯತ್ಯಾಸ ಇರುವ ಜಾಗಕ್ಕೆ ಕೆಂಪು ಸುತ್ತು ಹಾಕಿ. ಪದವನ್ನು ಅಕ್ಷರವಾಗಿ ಕೊಡಿ, ಅದರ ಯುನಿಕೋಡ್ ಸಂಖ್ಯೆಗಳನ್ನು ಸಾಲಾಗಿ ಬರೆಯಿರಿ. ಫಾಂಟ್‌ನ ಹೆಸರು, ವರ್ಷನ್ ಮರೆಯಬೇಡಿ.

ಈಗ ಬರೆಯುವ ವಿಷಯ. ಬ್ರೌಸರ್ ತೆರೆದು ಲಾಂಚ್‌ಪ್ಯಾಡ್‌ಗೆ ನೇರ ಹೋಗುವುದಕ್ಕಿಂತ ಟರ್ಮಿನಲ್‌ನಲ್ಲಿ ಉಬುಂಟು-ಬಗ್ ಅಂತ ಬರೆದು ಪ್ಯಾಕೇಜ್ ಹೆಸರು ಕೊಡಿ. ಕರ್ನಲ್ ತೊಂದರೆಗೆ ಉಬುಂಟು-ಬಗ್ ಲಿನಕ್ಸ್, ರೈಟರ್‌ಗೆ ಉಬುಂಟು-ಬಗ್ ಲಿಬ್ರೆಆಫೀಸ್-ರೈಟರ್. ವರ್ಷನ್, ಲಾಗ್, ಹಾರ್ಡ್‌ವೇರ್ ವಿವರ ಎಲ್ಲ ಅದೇ ಕೂಡಿಸಿ, ಬ್ರೌಸರ್‌ನಲ್ಲಿ ಫಾರ್ಮ್ ತೆರೆಯುತ್ತದೆ. ಹಳೆ ಪ್ಯಾಕೇಜ್ ಇದ್ದರೆ ‘ಮೊದಲು ಅಪ್‌ಡೇಟ್ ಮಾಡಿ’ ಅಂತ ನಿಲ್ಲಿಸುತ್ತದೆ. ಬೇಜಾರಾಗಬಹುದು, ಆದರೆ ಅದು ಸರಿಯೇ. ಎಷ್ಟೋ ಬಗ್‌ಗಳು ಆ ಹೊತ್ತಿಗಾಗಲೇ ಸರಿಯಾಗಿರುತ್ತವೆ.

ಶೀರ್ಷಿಕೆಯನ್ನು ಕೊನೆಗೆ ಬರೆಯಿರಿ. ‘ಲ್ಯಾಪ್‌ಟಾಪ್ ಸಸ್ಪೆಂಡ್ ತೊಂದರೆ, ಅರ್ಜೆಂಟ್’ ಅಂತ ಬೇಡ. ಅದೇ ಶೀರ್ಷಿಕೆಯ ನೂರಾರು ವರದಿ ಅಲ್ಲಿ ಬಿದ್ದಿರುತ್ತವೆ. ‘ಕರ್ನಲ್ 6.11ಕ್ಕೆ ಬಂದ ಮೇಲೆ ಸಸ್ಪೆಂಡ್‌ನಿಂದ ಎದ್ದಾಗ ಸ್ಕ್ರೀನ್ ಕಪ್ಪು; 6.8ರಲ್ಲಿ ಸರಿಯಿತ್ತು’ ಅಂತ ಹಾಕಿ, ಲ್ಯಾಪ್‌ಟಾಪ್ ಮಾಡೆಲ್ ಸೇರಿಸಿ. ಒಳಗೆ ಹೀಗೆ:

‘ಲಾಗಿನ್ ಆಗಿ, ಬೇರೆ ಯಾವ ಅಪ್ಲಿಕೇಷನ್ ತೆರೆಯದೆ ಲ್ಯಾಪ್‌ಟಾಪ್ ಮುಚ್ಚಿದೆ. ಐದು ನಿಮಿಷ ಬಿಟ್ಟು ತೆಗೆದೆ. ಪವರ್ ದೀಪ ಹತ್ತಿತು, ಸ್ಕ್ರೀನ್ ಹತ್ತಲಿಲ್ಲ. ಕ್ಯಾಪ್ಸ್‌ಲಾಕ್ ದೀಪ ಕೆಲಸ ಮಾಡುತ್ತದೆ. ಕಂಟ್ರೋಲ್-ಆಲ್ಟ್-ಎಫ್3ಕ್ಕೆ ಏನೂ ಬರಲಿಲ್ಲ. ಸುಮಾರು ನಾಲ್ಕು ಸಲಕ್ಕೆ ಒಮ್ಮೆ ಹೀಗಾಗುತ್ತದೆ. ಲಾಗ್‌ನಲ್ಲಿ ಸಸ್ಪೆಂಡ್ ಎಕ್ಸಿಟ್ ಇದೆ, ಅದರ ಮುಂದೆ ಐ915ನ ಎರರ್ ಇದೆ. ಹಿಂದಿನ ಬೂಟ್‌ನ ಕರ್ನಲ್ ಲಾಗ್ ಲಗತ್ತಿಸಿದ್ದೇನೆ.’

ಇಷ್ಟೇ. ಇದನ್ನು ಇಂಗ್ಲಿಷಿನಲ್ಲಿ ಬರೆಯಬೇಕು ಅಂತ ಹಿಂಜರಿಯಬೇಡಿ. ಚಿಕ್ಕ ವಾಕ್ಯ ಸಾಕು, ವ್ಯಾಕರಣ ಯಾರೂ ನೋಡುವುದಿಲ್ಲ. ಓದುವವರಲ್ಲಿ ಎಷ್ಟೋ ಜನರಿಗೆ ಇಂಗ್ಲಿಷ್ ತಾಯ್ನುಡಿ ಅಲ್ಲ. ನೋಡಿದ್ದನ್ನು ಬರೆಯಿರಿ. ‘ನನ್ನ ಪ್ರಕಾರ ಕಾರಣ ಇದು’ ಅನ್ನುವುದು ಇದ್ದರೆ ಕೊನೆಯಲ್ಲಿ, ಬೇರೆಯಾಗಿ. ಲಾಗನ್ನು ಫೈಲಾಗಿ ಲಗತ್ತಿಸಿ. ಮೊಬೈಲ್‌ನಲ್ಲಿ ಸ್ಕ್ರೀನ್ ಫೋಟೋ ಹೊಡೆದು ಹಾಕಿದರೆ ಅದರಲ್ಲಿ ಯಾರೂ ಪದ ಹುಡುಕಲಾಗದು.

ಒಂದು ಕಾಳಜಿ ಇರಲಿ. ವರದಿಗಳು ಸಾಮಾನ್ಯವಾಗಿ ಎಲ್ಲರಿಗೂ ಕಾಣುತ್ತವೆ. ಲಾಗ್‌ನಲ್ಲಿ ನಿಮ್ಮ ಯೂಸರ್ ಹೆಸರು, ವೈಫೈ ಹೆಸರು ಇರುತ್ತವೆ, ಒಮ್ಮೆ ಓದಿ ನೋಡಿ. ಕ್ರ್ಯಾಶ್ ಫೈಲ್‌ನಲ್ಲಿ ಆಗ ಮೆಮೊರಿಯಲ್ಲಿದ್ದುದೆಲ್ಲ ಇರಬಹುದು. ಪ್ರಶ್ನೆಪತ್ರಿಕೆ ತೆರೆದಿದ್ದಾಗ ರೈಟರ್ ಬಿದ್ದರೆ ಆ ಪ್ರಶ್ನೆಗಳೂ ಅದರೊಳಗೆ ಇರುವ ಸಾಧ್ಯತೆ ಇದೆ. ಅದರ ಬದಲು ಒಂದು ಖಾಲಿ ಡಾಕ್ಯುಮೆಂಟ್‌ನಲ್ಲಿ ಯಾವುದೋ ಎರಡು ಸಾಲು ಟೈಪ್ ಮಾಡಿ ಅದೇ ಕ್ರ್ಯಾಶ್ ಬರಿಸಲು ಆಗುತ್ತದಾ ನೋಡಿ. ಹಾಗೆ ಆಗುವುದಾದರೆ ಎಲ್ಲರಿಗೂ ಒಳ್ಳೆಯದು. ಫೈಲ್ ಚಿಕ್ಕದಾದಷ್ಟೂ ಬಗ್ ಬೇಗ ಸಿಗುತ್ತದೆ.

ಬೇರೆ ಡಿಸ್ಟ್ರೊ, ಅಂದರೆ ಉಬುಂಟು ಬಿಟ್ಟು ಬೇರೆ ಬಗೆಯ ಲಿನಕ್ಸ್, ಬಳಸುವವರಿಗೆ ಎರಡೇ ಮಾತು. ಡೆಬಿಯನ್‌ನಲ್ಲಿ ರಿಪೋರ್ಟ್‌ಬಗ್ ಅನ್ನುವ ಕಮಾಂಡ್ ಇದೆ, ಅದು ವರದಿಯನ್ನು ಇ-ಮೇಲ್ ಆಗಿ ಕಳಿಸುತ್ತದೆ. ಕೆಡಿಇ ಅನ್ನುವ ಡೆಸ್ಕ್‌ಟಾಪ್‌ನಲ್ಲಿ ಅಪ್ಲಿಕೇಷನ್ ಬಿದ್ದರೆ ಡಾಕ್ಟರ್ ಕಾಂಕಿ ಅನ್ನುವ ಪ್ರೋಗ್ರಾಂ ತಾನೇ ಬಂದು ಕೇಳುತ್ತಾನೆ. ಫೆಡೊರಾದವರಿಗೆ ರೆಡ್ ಹ್ಯಾಟ್ ಬಗ್‌ಜಿಲ್ಲಾ. ಯಾರಿಗೆ ಹೇಳಬೇಕು ಅಂತ ಗೊತ್ತಾಗದಿದ್ದರೆ ನಿಮ್ಮ ಡಿಸ್ಟ್ರೊಗೇ ಹೇಳಿ, ಅಲ್ಲಿಂದ ಮುಂದಕ್ಕೆ ಕಳಿಸುತ್ತಾರೆ.

ವರದಿ ಹಾಕುವ ಮೊದಲು ಅದೇ ತೊಂದರೆ ಬೇರೆಯವರು ಹೇಳಿದ್ದಾರಾ ಅಂತ ಹುಡುಕಿ. ಸಿಕ್ಕರೆ ‘ನನಗೂ ಇದೇ ತೊಂದರೆ’ ಅನ್ನುವ ಕೊಂಡಿ ಒತ್ತಿ. ಲಾಂಚ್‌ಪ್ಯಾಡ್‌ನಲ್ಲಿ ಎರಡನೆಯವರು ಅದನ್ನು ಒತ್ತಿದರೆ ‘ನ್ಯೂ’ ಇದ್ದದ್ದು ತಾನಾಗೇ ‘ಕನ್ಫರ್ಮ್‌ಡ್’ ಆಗುತ್ತದೆ. ‘ಇನ್ನೂ ಯಾಕೆ ಸರಿಯಾಗಿಲ್ಲ’ ಅಂತ ಕೆಳಗೆ ಬರೆಯುವುದರಿಂದ ಏನೂ ಆಗುವುದಿಲ್ಲ, ನೋಡುತ್ತಿರುವ ಎಲ್ಲರಿಗೂ ಒಂದು ಮೇಲ್ ಹೋಗುತ್ತದೆ ಅಷ್ಟೇ. ಹೆಚ್ಚಿನ ಮಾಹಿತಿ ಕೇಳಿದರೆ ಅಪೋರ್ಟ್-ಕಲೆಕ್ಟ್ ಅಂತ ಬರೆದು ಬಗ್ ನಂಬರ್ ಕೊಡಿ. ಅದೇ ವರದಿಗೆ ಲಾಗ್‌ಗಳು ಹೋಗಿ ಸೇರುತ್ತವೆ. ಉತ್ತರ ಬರೆದ ಮೇಲೆ ಸ್ಟೇಟಸ್ಸನ್ನು ‘ಇನ್‌ಕಂಪ್ಲೀಟ್’ನಿಂದ ‘ನ್ಯೂ’ಗೆ ನೀವೇ ಬದಲಿಸಿ. ಇದನ್ನು ಮರೆತು ಎಷ್ಟೋ ಜನ ಸುಮ್ಮನೆ ಕಾಯುತ್ತಾ ಕೂತಿರುತ್ತಾರೆ.

ಸರಿಪಡಿಸಿದ ಪ್ಯಾಕೇಜ್ ಬಂದಾಗಲೂ ಅದು ನೇರ ನಿಮ್ಮ ಅಪ್‌ಡೇಟ್‌ಗೆ ಬರುವುದಿಲ್ಲ. ಮೊದಲು ‘ಪ್ರೊಪೋಸ್‌ಡ್’ ಅನ್ನುವ ಜಾಗದಲ್ಲಿ ಸಾಮಾನ್ಯವಾಗಿ ಕನಿಷ್ಠ 7 ದಿನ ಇರುತ್ತದೆ. ಆಗ ವರದಿಯ ಕೆಳಗೆ ‘ಯಾರಾದರೂ ಪರೀಕ್ಷಿಸಿ ಹೇಳಿ’ ಅಂತ ಮೆಸೇಜ್ ಬರುತ್ತದೆ. ತೊಂದರೆ ನಿಮ್ಮ ಲ್ಯಾಪ್‌ಟಾಪ್ ಮಾಡೆಲ್‌ನಲ್ಲಿ ಮಾತ್ರ ಬರುವಂಥದ್ದಾದರೆ ಅದನ್ನು ನಿಮ್ಮಂಥವರೇ ಪರೀಕ್ಷಿಸಬೇಕು. ‘ಪ್ರೊಪೋಸ್‌ಡ್’ನಿಂದ ಆ ಒಂದು ಪ್ಯಾಕೇಜನ್ನು ಮಾತ್ರ ಹಾಕಿಕೊಳ್ಳಿ. ಅದರಲ್ಲಿರುವುದನ್ನೆಲ್ಲ ಎಳೆದುಕೊಂಡರೆ ಇಲ್ಲದ ಹೊಸ ತೊಂದರೆ ಬರಬಹುದು. ಸರಿಯಾಗಿದ್ದರೆ ಯಾವ ವರ್ಷನ್‌ನಲ್ಲಿ ನೋಡಿದಿರಿ ಅಂತ ಬರೆದು, ‘ವೆರಿಫಿಕೇಷನ್-ನೀಡೆಡ್-ನೋಬಲ್’ ಟ್ಯಾಗನ್ನು ‘ವೆರಿಫಿಕೇಷನ್-ಡನ್-ನೋಬಲ್’ ಅಂತ ಬದಲಿಸಿ (ನೋಬಲ್ ಅನ್ನುವುದು 24.04ರ ಇನ್ನೊಂದು ಹೆಸರು). ಸರಿಯಾಗದಿದ್ದರೂ ಹಾಗಂತಲೇ ಬರೆಯಿರಿ, ಆಗ ಟ್ಯಾಗ್‌ನಲ್ಲಿ ‘ಡನ್’ ಬದಲು ‘ಫೇಲ್ಡ್’.